ಬಹುಮತಕ್ಕೂ ಒಂದು ಎಲ್ಲೆ: ಜ್ಞಾನೋದಯ ಯುಗದ ಚಿಂತಕರು ಮತ್ತು ನಮ್ಮ ನಾಡಿನ ನಾಲ್ಕು ಮೊಕದ್ದಮೆಗಳು

ಹದಿನೇಳನೆಯ ಶತಮಾನದ ಕೊನೆಯ ಭಾಗದಿಂದ ಹದಿನೆಂಟನೆಯ ಶತಮಾನದ ಅಂತ್ಯದವರೆಗೆ ಯುರೋಪಿನಲ್ಲಿ ಮೂಡಿಬಂದ ವೈಚಾರಿಕ ಜಾಗೃತಿಯನ್ನು ಇತಿಹಾಸಕಾರರು ‘ಜ್ಞಾನೋದಯ ಯುಗ’ ಎಂದು ಕರೆದಿದ್ದಾರೆ. ಜಾನ್ ಲಾಕ್, ಮಾಂಟೆಸ್ಕ್ಯೂ, ವೋಲ್ಟೇರ್, ರೂಸೋ, ಕಾಂಟ್ ಮೊದಲಾದ ಹೆಸರುಗಳನ್ನು ನಮ್ಮಲ್ಲಿ ಬಹುತೇಕರು ಶಾಲೆಯ ಚರಿತ್ರೆ ಪುಸ್ತಕದಲ್ಲಿ ಓದಿ, ಪರೀಕ್ಷೆ ಮುಗಿದೊಡನೆ ಮರೆತಿದ್ದೇವೆ. ಆ ಚಿಂತಕರಿಗೂ ಡೊಂಬಿವಲಿ, ಕಲ್ಯಾಣ, ಥಾಣೆ, ನವಿ ಮುಂಬಯಿಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡಿಗರಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಅದು ಸಹಜವಾದ ಪ್ರಶ್ನೆಯೇ ಸರಿ.

ಸಂಬಂಧವಿದೆ, ಅದೂ ಬಹಳ ಹತ್ತಿರದ ಸಂಬಂಧ. ಹೊರನಾಡಿನಲ್ಲಿ ಬಾಳುವ ನಾವು ಇಲ್ಲಿ ಸಂಖ್ಯೆಯಲ್ಲಿ ಅಲ್ಪರು. ಪ್ರಜಾಪ್ರಭುತ್ವವೆಂದರೆ ಹೆಚ್ಚು ಕೈಗಳು ಎತ್ತಿದ ಕಡೆಗೆ ತೀರ್ಮಾನವೆಂದಷ್ಟೇ ಆದರೆ, ಅಲ್ಪಸಂಖ್ಯಾತರ ಭಾಷೆ, ಶಾಲೆ, ಆಚಾರಗಳು ಯಾರ ಭರವಸೆಯಲ್ಲಿ ಉಳಿಯಬೇಕು? ಬಹುಮತವು ಮಾಡಲಾಗದ ಕಾರ್ಯಗಳೂ ಇವೆಯೇ? ಇದ್ದರೆ ಅವು ಯಾವುವು, ಅವನ್ನು ಹೇಳುವವರು ಯಾರು? ಜ್ಞಾನೋದಯ ಯುಗದ ಚಿಂತಕರು ಕೊನೆಯವರೆಗೂ ಸೆಣಸಾಡಿದ್ದು ಇಂಥ ಪ್ರಶ್ನೆಗಳೊಡನೆಯೇ. ಸ್ವತಂತ್ರ ಭಾರತದಲ್ಲಿ ಇದೇ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಹಲವು ಮಹತ್ವದ ಮೊಕದ್ದಮೆಗಳು ಕನ್ನಡಿಗರ ಅಥವಾ ಕನ್ನಡ ನೆಲದ ಸಂಸ್ಥೆಗಳ ಹೆಸರಿನಲ್ಲಿವೆ. ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿ, ಮಾಜಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ, ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನ, ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ: ಈ ನಾಲ್ಕು ಹೆಸರುಗಳನ್ನು ಬಿಟ್ಟು ಭಾರತದ ಸಂವಿಧಾನದ ಕಥೆ ಹೇಳಲಾಗದು. ಆ ಚಿಂತಕರನ್ನೂ ಈ ಮೊಕದ್ದಮೆಗಳನ್ನೂ ಜೊತೆಯಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಲಾಕ್: ಅಧಿಕಾರವೆಂಬುದು ಒಪ್ಪಿಸಿಕೊಟ್ಟ ಠೇವಣಿ

ಇಂಗ್ಲೆಂಡಿನ ಜಾನ್ ಲಾಕ್ (1632–1704) ಬದುಕಿದ ಕಾಲದಲ್ಲಿ ಅರಸನ ಅಧಿಕಾರ ದೇವರಿಂದ ಬಂದದ್ದೆಂಬ ವಾದ ಪ್ರಬಲವಾಗಿತ್ತು. 1688ರ ಕ್ರಾಂತಿಯಲ್ಲಿ ಎರಡನೆಯ ಜೇಮ್ಸ್ ಸಿಂಹಾಸನ ಕಳೆದುಕೊಂಡ ಬೆನ್ನಲ್ಲೇ ಲಾಕ್ ತನ್ನ ಹೆಸರು ಹಾಕದೆ ಪ್ರಕಟಿಸಿದ ‘ಸರ್ಕಾರದ ಕುರಿತ ಎರಡು ಪ್ರಬಂಧಗಳು’ ಆ ವಾದದ ಬುಡಕ್ಕೇ ಕೊಡಲಿ ಹಾಕಿತು. ಮನುಷ್ಯನಿಗೆ ಜೀವ, ಸ್ವಾತಂತ್ರ್ಯ, ಆಸ್ತಿಗಳ ಮೇಲಿನ ಹಕ್ಕು ಸರ್ಕಾರ ಹುಟ್ಟುವುದಕ್ಕೂ ಮೊದಲೇ ಇರುತ್ತದೆ. ಆ ಹಕ್ಕುಗಳನ್ನು ಕಾಪಾಡುವುದಕ್ಕಾಗಿ ಜನರು ತಮ್ಮ ಒಪ್ಪಿಗೆಯಿಂದ ಸರ್ಕಾರವನ್ನು ರಚಿಸಿಕೊಳ್ಳುತ್ತಾರೆ. ಆದ್ದರಿಂದ ಅಧಿಕಾರವು ಆಳುವವನ ಸೊತ್ತಲ್ಲ, ನಂಬಿ ಒಪ್ಪಿಸಿದ ಠೇವಣಿ. ನಂಬಿಕೆಗೆ ದ್ರೋಹವಾದರೆ ಅದನ್ನು ಹಿಂದಕ್ಕೆ ಪಡೆಯುವ ಹಕ್ಕು ಜನರಿಗಿದೆ. ಇದು ಲಾಕ್ ವಾದದ ಸಾರ.

ಇದನ್ನು ಅರಿಯಲು ದೂರ ಹೋಗಬೇಕಿಲ್ಲ. ನಮ್ಮಲ್ಲಿ ಬಹಳಷ್ಟು ಮಂದಿ ವಾಸಿಸುವ ಹೌಸಿಂಗ್ ಸೊಸೈಟಿಯನ್ನೇ ತೆಗೆದುಕೊಳ್ಳಿ. ಮಹಾರಾಷ್ಟ್ರ ಸಹಕಾರಿ ಸಂಘಗಳ 1960ರ ಕಾಯ್ದೆಯಡಿ ನೋಂದಾಯಿತವಾದ ಸೊಸೈಟಿಗೆ ಉಪವಿಧಿಗಳಿರುತ್ತವೆ, ಸದಸ್ಯರು ಆರಿಸಿದ ಕಾರ್ಯಕಾರಿ ಸಮಿತಿ ಇರುತ್ತದೆ. ಸಮಿತಿಯು ಪ್ರತಿವರ್ಷ ಸೆಪ್ಟೆಂಬರ್ 30ರೊಳಗೆ ಮಹಾಸಭೆ ಕರೆದು ಲೆಕ್ಕಪತ್ರ ಮಂಡಿಸಬೇಕು. ಕಾರ್ಯದರ್ಶಿ ಕಟ್ಟಡದ ಮಾಲಕನಲ್ಲ; ಸದಸ್ಯರು ಒಪ್ಪಿಸಿದ ಕೆಲಸವನ್ನು ಮಾಡುವವನು ಮಾತ್ರ. ಇನ್ನೂ ಒಂದು ಮಾತು. ನೂರು ಮನೆಗಳ ಸೊಸೈಟಿಯಲ್ಲಿ ತೊಂಬತ್ತೊಂಬತ್ತು ಮಂದಿ ಕೈ ಎತ್ತಿದರೂ ನೂರನೆಯವನ ಮನೆಯನ್ನು ಕಸಿದು ಹಂಚಿಕೊಳ್ಳುವಂತಿಲ್ಲ. ಕೈಗಳ ಲೆಕ್ಕಕ್ಕೆ ಸಿಗದ ಕೆಲವು ವಿಷಯಗಳು ಇವೆ ಎಂಬ ತಿಳಿವಳಿಕೆಯೇ ಲಾಕ್ ಚಿಂತನೆಯ ತಿರುಳು.

ಮಾಂಟೆಸ್ಕ್ಯೂ ಮತ್ತು ವೋಲ್ಟೇರ್

ಫ್ರಾನ್ಸಿನ ಬೋರ್ಡೋ ನಗರದ ನ್ಯಾಯಾಲಯದಲ್ಲಿ ಅಧಿಕಾರಿಯಾಗಿದ್ದ ಮಾಂಟೆಸ್ಕ್ಯೂ (1689–1755) ಅಧಿಕಾರದ ಸ್ವಭಾವವನ್ನು ಒಳಗಿನಿಂದಲೇ ಬಲ್ಲವನಾಗಿದ್ದ. 1748ರಲ್ಲಿ ಜಿನೀವಾದಲ್ಲಿ ಪ್ರಕಟವಾದ ‘ಕಾನೂನುಗಳ ಅಂತಃಸತ್ವ’ ಎಂಬ ಗ್ರಂಥದಲ್ಲಿ ಆತ ಒಂದು ಸರಳ ಸತ್ಯವನ್ನು ಪ್ರತಿಪಾದಿಸಿದ: ಅಧಿಕಾರವುಳ್ಳವನು ತಡೆ ಎದುರಾಗುವವರೆಗೂ ಅದನ್ನು ಚಾಚುತ್ತಲೇ ಹೋಗುತ್ತಾನೆ, ಆದ್ದರಿಂದ ಒಂದು ಅಧಿಕಾರಕ್ಕೆ ಇನ್ನೊಂದು ಅಧಿಕಾರವೇ ಕಟ್ಟೆಯಾಗಬೇಕು. ಕಾನೂನು ಮಾಡುವವರು, ಅದನ್ನು ಜಾರಿಗೊಳಿಸುವವರು, ನ್ಯಾಯ ಹೇಳುವವರು ಬೇರೆ ಬೇರೆಯಾಗಿರಬೇಕೆಂಬ ಅಧಿಕಾರ ವಿಭಜನೆಯ ತತ್ವ ಇಲ್ಲಿಂದಲೇ ಲೋಕಪ್ರಸಿದ್ಧವಾಯಿತು. ನಮ್ಮ ಸಂಘ ಸಂಸ್ಥೆಗಳಲ್ಲಿ ಹಣ ವ್ಯಯಿಸುವವರು ಒಬ್ಬರು, ಲೆಕ್ಕ ತಪಾಸಣೆ ಮಾಡುವವರು ಇನ್ನೊಬ್ಬರು ಎಂಬ ನಿಯಮವಿರುವುದೂ ಇದೇ ವಿವೇಕದಿಂದ. ಪ್ರಾಮಾಣಿಕರ ಮೇಲಿನ ಅಪನಂಬಿಕೆ ಇದಕ್ಕೆ ಕಾರಣವಲ್ಲ. ಸಂಸ್ಥೆಯು ವ್ಯಕ್ತಿಗಳ ಒಳ್ಳೆಯತನವೊಂದನ್ನೇ ನೆಚ್ಚಿ ನಿಲ್ಲಬಾರದೆಂಬುದೇ ಕಾರಣ.

ವೋಲ್ಟೇರ್ (1694–1778) ಸಿದ್ಧಾಂತ ಕಟ್ಟುವುದಕ್ಕಿಂತ ಅನ್ಯಾಯದ ವಿರುದ್ಧ ಲೇಖನಿ ಹಿಡಿಯುವುದರಲ್ಲಿ ನಿಸ್ಸೀಮ. 1762ರಲ್ಲಿ ತುಲೂಸ್ ನಗರದ ಜಾನ್ ಕಲಾಸ್ ಎಂಬ ಪ್ರೊಟೆಸ್ಟೆಂಟ್ ವರ್ತಕನನ್ನು, ಮಗನು ಮತಾಂತರಗೊಳ್ಳದಂತೆ ತಡೆಯಲು ಆತನನ್ನೇ ಕೊಂದನೆಂಬ ಆರೋಪದ ಮೇಲೆ, ಚಿತ್ರಹಿಂಸೆ ನೀಡಿ ಕೊಲ್ಲಲಾಯಿತು. ಆತ ನಿರಪರಾಧಿಯೆಂದು ಮನಗಂಡ ವೋಲ್ಟೇರ್ ಮೂರು ವರ್ಷ ಹೋರಾಡಿದ, 1763ರಲ್ಲಿ ಸಹಿಷ್ಣುತೆಯ ಕುರಿತು ಗ್ರಂಥವನ್ನೇ ಬರೆದ. 1765ರಲ್ಲಿ ಕಲಾಸ್ ನಿರ್ದೋಷಿಯೆಂದು ಘೋಷಿತನಾದ. ಅಲ್ಪಸಂಖ್ಯಾತ ಮತದವನೆಂಬ ಕಾರಣಕ್ಕೆ ಊರಿನ ಗುಂಪು ಮೊದಲೇ ತೀರ್ಪು ಕೊಟ್ಟುಬಿಟ್ಟರೆ ನ್ಯಾಯಾಲಯವೂ ಹೇಗೆ ಎಡವುತ್ತದೆ ಎಂಬುದಕ್ಕೆ ಈ ಪ್ರಕರಣ ಸಾಕ್ಷಿ. ಇದರ ನೆರಳಿನಲ್ಲೇ 1764ರಲ್ಲಿ ಇಟಲಿಯ ಬೆಕಾರಿಯಾ ಚಿತ್ರಹಿಂಸೆ ಹಾಗೂ ಮರಣದಂಡನೆಗಳನ್ನು ವಿರೋಧಿಸಿ ಬರೆದ ಪುಸ್ತಕವು ಯುರೋಪಿನ ದಂಡನೀತಿಯನ್ನೇ ಮರುಚಿಂತನೆಗೆ ಹಚ್ಚಿತು.

ರೂಸೋ ಮತ್ತು ಕಾಂಟ್

ಜಿನೀವಾದಲ್ಲಿ ಗಡಿಯಾರ ತಯಾರಕನ ಮಗನಾಗಿ ಹುಟ್ಟಿದ ರೂಸೋ (1712–1778) ಉಳಿದವರಿಗಿಂತ ಭಿನ್ನ. ಸಮಾಜದಲ್ಲಿ ಅಸಮಾನತೆ ಹುಟ್ಟಿದ್ದೇ ಖಾಸಗಿ ಆಸ್ತಿಯಿಂದ ಎಂದು ಆತ 1755ರ ಪ್ರಬಂಧದಲ್ಲಿ ವಾದಿಸಿದ. 1762ರ ‘ಸಾಮಾಜಿಕ ಒಪ್ಪಂದ’ದಲ್ಲಿ ಸಾರ್ವಭೌಮತ್ವವು ಜನಸಮುದಾಯದ್ದು, ಅದನ್ನು ಯಾವ ಅರಸನಿಗೂ ಪರಭಾರೆ ಮಾಡಲಾಗದು ಎಂದು ಸಾರಿದ. ಆ ಪುಸ್ತಕವನ್ನು ಆತನ ಹುಟ್ಟೂರಾದ ಜಿನೀವಾದಲ್ಲೇ ಸುಡಲಾಯಿತು. ಎಲ್ಲರ ಹಿತವನ್ನು ಬಯಸುವ ‘ಸಾಮೂಹಿಕ ಇಚ್ಛೆ’ ಎಂಬ ಪರಿಕಲ್ಪನೆ ರೂಸೋವಿನ ದೊಡ್ಡ ಕೊಡುಗೆ, ಅಪಾಯವಿರುವುದೂ ಅಲ್ಲಿಯೇ. ಆ ಇಚ್ಛೆ ಯಾವುದೆಂದು ನಿರ್ಧರಿಸುವವರು ಯಾರು? ಬಹುಮತ ಪಡೆದವರು ತಮ್ಮ ಇಚ್ಛೆಯೇ ಜನತೆಯ ಇಚ್ಛೆಯೆಂದು ಸಾಧಿಸಹೊರಟರೆ ಭಿನ್ನಮತದವನು ಜನದ್ರೋಹಿಯಾಗಿಬಿಡುತ್ತಾನೆ. 1793–94ರ ಫ್ರಾನ್ಸಿನ ಭೀಕರ ದಿನಗಳಲ್ಲಿ ಹೀಗೆಯೇ ಆಯಿತು.

ಜರ್ಮನ್ ತತ್ವಜ್ಞಾನಿ ಇಮಾನ್ಯುಯಲ್ ಕಾಂಟ್ (1724–1804) 1784ರಲ್ಲಿ ‘ಜ್ಞಾನೋದಯವೆಂದರೇನು?’ ಎಂಬ ಪುಟ್ಟ ಲೇಖನವನ್ನು ಬರೆದ. ಪರರ ಬುದ್ಧಿಯ ಆಸರೆಯಿಲ್ಲದೆ ಸ್ವಂತ ಬುದ್ಧಿಯನ್ನು ಬಳಸುವ ಧೈರ್ಯವೇ ಜ್ಞಾನೋದಯ ಎಂಬುದು ಆತನ ಉತ್ತರದ ಭಾವ. ಮನುಷ್ಯನನ್ನು ಎಂದಿಗೂ ಬರಿಯ ಸಾಧನವಾಗಿ ಬಳಸಬಾರದು, ಪ್ರತಿಯೊಬ್ಬನೂ ತನ್ನಲ್ಲೇ ಬೆಲೆಯುಳ್ಳವನು ಎಂಬ ಆತನ ನೀತಿಯು ಇಂದಿನ ‘ಮಾನವ ಘನತೆ’ಯ ಕಲ್ಪನೆಗೆ ತಳಹದಿಯಾಗಿದೆ.

ಈ ಚಿಂತಕರನ್ನು ದೇವರ ಪೀಠದಲ್ಲಿ ಕೂರಿಸುವುದು ತರವಲ್ಲ. ಸ್ವಾತಂತ್ರ್ಯದ ಪ್ರತಿಪಾದಕ ಲಾಕ್ ಗುಲಾಮರ ವ್ಯಾಪಾರ ನಡೆಸುತ್ತಿದ್ದ ಕಂಪನಿಯಲ್ಲಿ ಹಣ ತೊಡಗಿಸಿದ್ದ. ಸಮಾನತೆಯನ್ನು ಸಾರಿದ ರೂಸೋ ಹೆಣ್ಣುಮಕ್ಕಳ ಶಿಕ್ಷಣವು ಗಂಡಸರ ಅನುಕೂಲಕ್ಕೆ ತಕ್ಕಂತಿರಬೇಕೆಂದು ಬಗೆದಿದ್ದ. ಅದನ್ನು ಖಂಡಿಸಿ 1792ರಲ್ಲಿ ಸ್ತ್ರೀಯರ ಹಕ್ಕುಗಳ ಸಮರ್ಥನೆಗೆ ನಿಂತವಳು ಇಂಗ್ಲೆಂಡಿನ ಮೇರಿ ವೋಲ್‌ಸ್ಟನ್‌ಕ್ರಾಫ್ಟ್. ರೂಸೋ ಹುಟ್ಟಿದ ನಾಡು ಇಂದು ಸೇರಿರುವ ಸ್ವಿಟ್ಜರ್ಲೆಂಡಿನಲ್ಲಿ ಮಹಿಳೆಯರಿಗೆ ರಾಷ್ಟ್ರಮಟ್ಟದ ಮತದಾನದ ಹಕ್ಕು ಬಂದದ್ದು 1971ರಲ್ಲಿ. ಭಾರತದ ಮಹಿಳೆಯರು 1951–52ರ ಮೊದಲ ಮಹಾಚುನಾವಣೆಯಲ್ಲೇ ಮತ ಹಾಕಿದ್ದರು.

ಕನ್ನಡ ನಾಡಿಗೆ ಬಂದ ಬಗೆ

ಸಮಾನತೆಯ ಮಾತು ಕನ್ನಡಿಗರಿಗೆ ಹೊರಗಿನಿಂದ ಬಂದುದಲ್ಲ. ಹುಟ್ಟಿನ ಮೇಲುಕೀಳನ್ನು ಹನ್ನೆರಡನೆಯ ಶತಮಾನದ ಶರಣರು ಪ್ರಶ್ನಿಸಿದ್ದರು. ಡಾ. ಅಂಬೇಡ್ಕರ್ ಅವರು ಕೂಡ 1954ರ ಆಕಾಶವಾಣಿ ಭಾಷಣದಲ್ಲಿ, ಸ್ವಾತಂತ್ರ್ಯ, ಸಮಾನತೆ, ಸೋದರತೆಗಳನ್ನು ತಾವು ಫ್ರೆಂಚ್ ಕ್ರಾಂತಿಯಿಂದಲ್ಲ, ಬುದ್ಧನ ಬೋಧನೆಯಿಂದ ಪಡೆದುದಾಗಿ ಸ್ಪಷ್ಟಪಡಿಸಿದ್ದರು. ಯುರೋಪಿನ ಚಿಂತಕರಿಂದ ನಾವು ಪಡೆದದ್ದು ಮುಖ್ಯವಾಗಿ ಆ ಮೌಲ್ಯಗಳನ್ನು ಕಾಪಾಡುವ ರಾಜಕೀಯ ಏರ್ಪಾಡನ್ನು: ಲಿಖಿತ ಸಂವಿಧಾನ, ಚುನಾಯಿತ ಸಭೆ, ಸ್ವತಂತ್ರ ನ್ಯಾಯಾಂಗ.

ಆ ಏರ್ಪಾಡಿನ ಮೊದಲ ಹೆಜ್ಜೆಗಳಲ್ಲೊಂದು ಮೈಸೂರಿನಲ್ಲಿ ಮೂಡಿತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು, ಮೈಸೂರು ಪ್ರಜಾಪ್ರತಿನಿಧಿ ಸಭೆಯ ಪ್ರಥಮ ಅಧಿವೇಶನ 144 ಸದಸ್ಯರೊಂದಿಗೆ ನಡೆಯಿತು. ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಅಹವಾಲು ಹೇಳಿಕೊಳ್ಳುವ ಅವಕಾಶವಷ್ಟೇ ಇತ್ತು. ಸದಸ್ಯರೂ ಬಹುತೇಕ ಭೂಮಾಲಕರು, ವರ್ತಕರು. ಆದರೂ ಅರಸೊತ್ತಿಗೆಯು ಪ್ರಜೆಗಳ ಪ್ರತಿನಿಧಿಗಳ ಮುಂದೆ ವರದಿ ಒಪ್ಪಿಸುವ ಪರಿಪಾಠ ಅಲ್ಲಿ ಮೊದಲಾಯಿತು. ಮುಂದೆ 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂದಿತು. ರಾಜ್ಯನೀತಿಯ ಈ ತಿಳಿವಳಿಕೆಯನ್ನು ಕನ್ನಡದಲ್ಲೇ ಸಾಮಾನ್ಯ ಓದುಗರಿಗೆ ತಲುಪಿಸಲು ಶ್ರಮಿಸಿದವರು ‘ರಾಜ್ಯಶಾಸ್ತ್ರ’ವನ್ನು ರಚಿಸಿದ ಡಿ.ವಿ. ಗುಂಡಪ್ಪನವರು. 1945ರಲ್ಲಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಗುರಿಯೂ ಅದೇ.

ಭಾರತ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದ ಸಂವಿಧಾನ ಸಲಹೆಗಾರ ಬೆನಗಲ್ ನರಸಿಂಗ ರಾಯರು (1887–1953) ಮಂಗಳೂರಿನಲ್ಲಿ ಹುಟ್ಟಿದವರು. 1947ರ ಕೊನೆಯಲ್ಲಿ ಅವರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡುಗಳಿಗೆ ತೆರಳಿ ಅಲ್ಲಿನ ನ್ಯಾಯಾಧೀಶರೊಡನೆ ಚರ್ಚಿಸಿ ಬಂದರು. ಲಾಕ್ ಹಾಗೂ ಮಾಂಟೆಸ್ಕ್ಯೂರ ವಿಚಾರಗಳು ಅಮೆರಿಕದ ಸಂವಿಧಾನವನ್ನು ಹೊಕ್ಕು, ಅಲ್ಲಿಂದ ನಮ್ಮ ಕರಡಿನತ್ತ ಬಂದ ದಾರಿಗಳಲ್ಲಿ ಇದೂ ಒಂದು.

ಎಡನೀರಿನ ಸ್ವಾಮೀಜಿ ಮತ್ತು ಮೂಲಸ್ವರೂಪದ ಸಿದ್ಧಾಂತ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿನ ಎಡನೀರು ಮಠವು ಕನ್ನಡ ಸಂಸ್ಕೃತಿಯ, ವಿಶೇಷವಾಗಿ ಯಕ್ಷಗಾನದ, ಬೀಡು. ಕೇರಳದ ಭೂಸುಧಾರಣಾ ಕಾಯ್ದೆಯಿಂದ ಮಠದ ಭೂಮಿ ಕೈತಪ್ಪುವ ಸಂದರ್ಭ ಒದಗಿದಾಗ, ಇನ್ನೂ ಮೂವತ್ತು ತುಂಬಿರದ ಕೇಶವಾನಂದ ಭಾರತೀ ಸ್ವಾಮೀಜಿ 1970ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆ ಹೊಕ್ಕರು. ಅಷ್ಟರಲ್ಲಿ ಸಂಸತ್ತು 24, 25 ಹಾಗೂ 29ನೆಯ ತಿದ್ದುಪಡಿಗಳನ್ನು ಅಂಗೀಕರಿಸಿತು. ಮಠದ ಭೂಮಿಯ ಪ್ರಶ್ನೆ ಹಿಂದೆ ಸರಿದು, ದೇಶದ ಅತಿ ದೊಡ್ಡ ಪ್ರಶ್ನೆಯೊಂದು ಮುಂದೆ ಬಂದಿತು: ಮೂರನೆಯ ಎರಡರಷ್ಟು ಬಹುಮತವಿದ್ದರೆ ಸಂಸತ್ತು ಸಂವಿಧಾನದಲ್ಲಿ ಏನನ್ನು ಬೇಕಾದರೂ ಬದಲಿಸಬಹುದೇ?

ಹದಿಮೂರು ನ್ಯಾಯಮೂರ್ತಿಗಳ ಪೀಠ 68 ದಿನ ವಿಚಾರಣೆ ನಡೆಸಿತು. ಸ್ವಾಮೀಜಿಯ ಪರ ವಾದಿಸಿದ ನಾನಿ ಪಾಲ್ಖಿವಾಲಾ, ಕೇರಳ ಸರ್ಕಾರದ ಪರ ನಿಂತ ಎಚ್.ಎಂ. ಸೀರವಾಯಿ ಇಬ್ಬರೂ ನಮ್ಮ ಮುಂಬಯಿಯ ವಕೀಲರೇ. 1973ರ ಏಪ್ರಿಲ್ 24ರಂದು ಏಳು–ಆರರ ಅಲ್ಪ ಅಂತರದ ತೀರ್ಪು ಹೊರಬಿದ್ದಿತು: ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲಸ್ವರೂಪವನ್ನು ಕೆಡಿಸುವಂತಿಲ್ಲ. ತಿದ್ದುಪಡಿಯ ಅಧಿಕಾರಕ್ಕೆ ಆಂತರಿಕ ಮಿತಿಯಿದೆ ಎಂಬ ವಾದವನ್ನು ಜರ್ಮನಿಯ ವಿದ್ವಾಂಸ ಡೀಟ್ರಿಶ್ ಕೊನ್ರಾಡ್ 1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಉಪನ್ಯಾಸದಲ್ಲಿ ಮಂಡಿಸಿದ್ದರು. ಚುನಾಯಿತರಾಗಿ ಬಂದವರೇ ಪ್ರಜಾಪ್ರಭುತ್ವವನ್ನು ಮುಗಿಸಿದ ಹಿಟ್ಲರನ ಕಾಲದ ಕಹಿ ಅನುಭವದಿಂದ ಜರ್ಮನಿಯು ತನ್ನ ಯುದ್ಧೋತ್ತರ ಸಂವಿಧಾನದಲ್ಲಿ ಕೆಲವು ತತ್ವಗಳನ್ನು ತಿದ್ದುಪಡಿಗೆ ನಿಲುಕದಂತೆ ಇರಿಸಿತ್ತು.

ಬಹುಮತದ ಏಳು ಮಂದಿಯಲ್ಲಿ ಒಬ್ಬರು ಕಾರ್ಕಳ ತಾಲೂಕಿನ ಕೌಡೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಕೆ. ಸದಾನಂದ ಹೆಗ್ಡೆಯವರು. ತೀರ್ಪಿನ ಬೆನ್ನಲ್ಲೇ ಅವರೂ ಸೇರಿದಂತೆ ಮೂವರು ಹಿರಿಯರನ್ನು ಕಡೆಗಣಿಸಿ, ಸರ್ಕಾರದ ನಿಲುವನ್ನು ಎತ್ತಿಹಿಡಿದಿದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ಅಧಿಕಾರ ವಿಭಜನೆಯ ತತ್ವವು ಪುಸ್ತಕದ ಮಾತಲ್ಲವೆಂದು, ಅದಕ್ಕೆ ಬೆಲೆ ತೆರಬೇಕಾದವರು ಜೀವಂತ ವ್ಯಕ್ತಿಗಳೆಂದು ಈ ಘಟನೆ ತೋರಿಸಿತು. ಹೆಗ್ಡೆಯವರು ಮುಂದೆ 1977ರಲ್ಲಿ ಬೆಂಗಳೂರಿನಿಂದ ಲೋಕಸಭೆಗೆ ಆಯ್ಕೆಯಾಗಿ, ಸಭಾಧ್ಯಕ್ಷರೂ ಆದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆಸ್ತಿಯ ರಕ್ಷಣೆಗೆಂದು ಆರಂಭವಾದ ಈ ಮೊಕದ್ದಮೆಯಲ್ಲಿ ಆಸ್ತಿಯ ಹಕ್ಕು ಮೂಲಸ್ವರೂಪದ ಭಾಗವಾಗಿ ಉಳಿಯಲಿಲ್ಲ; 1978ರ 44ನೆಯ ತಿದ್ದುಪಡಿಯು ಅದನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ತೆಗೆಯಿತು. ಭೂಸುಧಾರಣೆಯೂ ನಿಲ್ಲಲಿಲ್ಲ. ಕರ್ನಾಟಕದಲ್ಲಿ ದೇವರಾಜ ಅರಸರ ಕಾಲದಲ್ಲಿ 1974ರ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯನಾದ. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ನಮ್ಮಲ್ಲಿ ಆ ಕಾಯ್ದೆಯಿಂದ ಗದ್ದೆ ಕಳೆದುಕೊಂಡ ಮನೆಯವರೂ ಇದ್ದಾರೆ, ಗದ್ದೆ ಪಡೆದ ಮನೆಯವರೂ ಇದ್ದಾರೆ. ಲಾಕ್ ಎತ್ತಿಹಿಡಿದ ಆಸ್ತಿಯ ಹಕ್ಕು, ರೂಸೋ ಎತ್ತಿಹಿಡಿದ ಸಮಾನತೆ ಎರಡಕ್ಕೂ ನ್ಯಾಯದ ಪಾಲು ಇದೆಯೆಂಬುದು ಅವರಿಗೆ ಅನುಭವದಿಂದಲೇ ತಿಳಿದಿದೆ. ಸ್ವಾಮೀಜಿಗೆ ಭೂಮಿ ಮರಳಲಿಲ್ಲ. ದೇಶಕ್ಕೆ ಸಂವಿಧಾನದ ರಕ್ಷಣೆ ದೊರೆಯಿತು. ಅವರು 2020ರ ಸೆಪ್ಟೆಂಬರ್ 6ರಂದು ದೈವಾಧೀನರಾದರು.

ಈ ಸಿದ್ಧಾಂತ ಗಟ್ಟಿಗೊಂಡದ್ದು 1980ರ ಇನ್ನೊಂದು ಮೊಕದ್ದಮೆಯಲ್ಲಿ. ಅದು ಬೆಂಗಳೂರಿನ ಮಿನರ್ವ ಮಿಲ್ಲಿನ ಹೆಸರಿನದು. ಕೇಶವಾನಂದ ಪ್ರಕರಣದಲ್ಲಿ ಅಲ್ಪಮತದಲ್ಲಿದ್ದ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡರೇ ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದು, ಅದೇ ಸಿದ್ಧಾಂತವನ್ನು ಬಳಸಿ ತೀರ್ಪು ನೀಡಿದರು.

ಬೊಮ್ಮಾಯಿ: ಬಹುಮತದ ಎಣಿಕೆ ಎಲ್ಲಿ?

ಜನರ ಒಪ್ಪಿಗೆಯೇ ಸರ್ಕಾರದ ಅಡಿಪಾಯವೆಂದರೆ, ಆ ಒಪ್ಪಿಗೆ ಇದೆಯೋ ಇಲ್ಲವೋ ಎಂದು ಅಳೆಯುವುದು ಹೇಗೆ? 1989ರ ಏಪ್ರಿಲ್‌ನಲ್ಲಿ ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದುಕೊಂಡ ಪತ್ರಗಳನ್ನು ಆಧರಿಸಿ ಕರ್ನಾಟಕದ ರಾಜ್ಯಪಾಲರು ಕೇಂದ್ರಕ್ಕೆ ವರದಿ ಕಳುಹಿಸಿದರು. ವಿಧಾನಸಭೆಯಲ್ಲೇ ಬಹುಮತ ಸಾಬೀತುಪಡಿಸುತ್ತೇನೆಂದು ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರು ಕೇಳಿಕೊಂಡರೂ ಅವಕಾಶ ದೊರೆಯಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂದಿತು. ಉಚ್ಚ ನ್ಯಾಯಾಲಯದಲ್ಲಿ ಸೋತ ಬೊಮ್ಮಾಯಿಯವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು.

1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ನೀಡಿದ ತೀರ್ಪಿನ ಸಾರ ಹೀಗಿದೆ: ಬಹುಮತದ ಎಣಿಕೆ ನಡೆಯಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ, 356ನೆಯ ವಿಧಿಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು, ಜಾತ್ಯತೀತತೆ ಸಂವಿಧಾನದ ಮೂಲಸ್ವರೂಪಕ್ಕೆ ಸೇರಿದುದು. ಬೊಮ್ಮಾಯಿಯವರ ಕುರ್ಚಿ ಮರಳಿ ಬರಲಿಲ್ಲ. ಆದರೆ ಅಲ್ಲಿಂದೀಚೆಗೆ ಚುನಾಯಿತ ಸರ್ಕಾರಗಳನ್ನು ಮನಬಂದಂತೆ ವಜಾಗೊಳಿಸುವ ಪರಿಪಾಠ ಬಹುಮಟ್ಟಿಗೆ ತಗ್ಗಿತು. ಇಂದು ಯಾವ ರಾಜ್ಯದಲ್ಲಿ ವಿಶ್ವಾಸಮತದ ಪ್ರಶ್ನೆ ಎದ್ದರೂ ವಕೀಲರ ಬಾಯಲ್ಲಿ ಮೊದಲು ಬರುವ ಹೆಸರು ಬೊಮ್ಮಾಯಿ.

ಮಣಿಪಾಲದಿಂದ ಬಂದ ಭಾಷಾ ಅಲ್ಪಸಂಖ್ಯಾತರ ವ್ಯಾಖ್ಯೆ

ಹೊರನಾಡ ಕನ್ನಡಿಗರಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆ. ಸಂವಿಧಾನದ 30ನೆಯ ವಿಧಿಯು ಮತೀಯ ಹಾಗೂ ಭಾಷಿಕ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಆದರೆ ಅಲ್ಪಸಂಖ್ಯಾತರು ಯಾರೆಂದು ಗುರುತಿಸುವುದು ದೇಶವನ್ನು ಅಳತೆಯಾಗಿಟ್ಟುಕೊಂಡೋ, ರಾಜ್ಯವನ್ನೋ? 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠವು ರಾಜ್ಯವೇ ಅಳತೆಗೋಲು ಎಂದು ತೀರ್ಮಾನಿಸಿತು. ಭಾಷೆಯ ಆಧಾರದ ಮೇಲೆ ರಾಜ್ಯಗಳು ರಚನೆಯಾಗಿರುವುದರಿಂದ ಅಲ್ಪಸಂಖ್ಯಾತತೆಯನ್ನೂ ರಾಜ್ಯವಾರು ನೋಡಬೇಕೆಂಬುದು ಅದರ ತರ್ಕ.

ಇದರ ಫಲವೇನು? ಕರ್ನಾಟಕದಲ್ಲಿ ಬಹುಸಂಖ್ಯಾತರಾದ ನಾವು ಮಹಾರಾಷ್ಟ್ರದಲ್ಲಿ ಭಾಷಾ ಅಲ್ಪಸಂಖ್ಯಾತರು. ನಮ್ಮ ಹಿರಿಯರು ಕಟ್ಟಿದ ಕನ್ನಡ ಶಾಲೆಗಳು, ವಿದ್ಯಾಸಂಸ್ಥೆಗಳು ಯಾರದೋ ಔದಾರ್ಯದ ಮೇಲೆ ನಿಂತಿಲ್ಲ. 29 ಮತ್ತು 30ನೆಯ ವಿಧಿಗಳ ಹಕ್ಕಿನ ಮೇಲೆ ನಿಂತಿವೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸುವ ಹೊಣೆಯನ್ನು 350-ಎ ವಿಧಿಯು ರಾಜ್ಯಗಳಿಗೆ ವಹಿಸಿದೆ. ಇದೇ ಹಕ್ಕು ಕರ್ನಾಟಕದಲ್ಲಿರುವ ಮರಾಠಿ, ತೆಲುಗು, ತಮಿಳು, ಉರ್ದು ಭಾಷಿಕರಿಗೂ ಸಮಾನವಾಗಿ ಸಲ್ಲುತ್ತದೆ. ಇಲ್ಲಿ ನಮಗೆ ಬೇಕಾದ ನ್ಯಾಯವನ್ನು ಅಲ್ಲಿ ಇತರರಿಗೆ ನಿರಾಕರಿಸುವುದು ವೋಲ್ಟೇರನ ಸಹಿಷ್ಣುತೆಗೂ ಕಾಂಟನ ನೀತಿಗೂ ಒಪ್ಪುವುದಿಲ್ಲ. ಈ ಹಕ್ಕಿಗೂ ಮಿತಿಯಿದೆ: ಶಿಕ್ಷಣದ ಗುಣಮಟ್ಟಕ್ಕೆ ಸಂಬಂಧಿಸಿದ ನ್ಯಾಯಬದ್ಧ ನಿಯಮಗಳನ್ನು ಸರ್ಕಾರ ವಿಧಿಸಬಹುದೆಂದು ಅದೇ ತೀರ್ಪು ಹೇಳಿದೆ. ಇನ್ನೊಂದು ಮಾತನ್ನೂ ಮುಚ್ಚಿಡಬೇಕಿಲ್ಲ. ಕಾನೂನು ಶಾಲೆಯನ್ನು ಕಾಪಾಡಬಲ್ಲದು, ಶಾಲೆಗೆ ಮಕ್ಕಳನ್ನು ಕಳುಹಿಸಲಾರದು. ಅದು ಮನೆಯವರ ಕೆಲಸ.

ಪುಟ್ಟಸ್ವಾಮಿ: ಘನತೆಯ ಹಕ್ಕು

1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಜಾರಿಯಾದಾಗ ಬೆಂಗಳೂರಿನಲ್ಲಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಆಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಅಲ್ಲಿಯೇ ಬಂಧಿಸಲಾಯಿತು. ಅವರು ಕರ್ನಾಟಕ ಉಚ್ಚ ನ್ಯಾಯಾಲಯದ ಮೊರೆ ಹೋದರು. ಇಂಥ ಹಲವು ಅರ್ಜಿಗಳ ವಿಷಯದಲ್ಲಿ 1976ರಲ್ಲಿ ಸರ್ವೋಚ್ಚ ನ್ಯಾಯಾಲಯವು, ತುರ್ತುಪರಿಸ್ಥಿತಿಯಲ್ಲಿ ಬಂಧಿತನು ಸ್ವಾತಂತ್ರ್ಯಕ್ಕಾಗಿ ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲವೆಂದು ನಾಲ್ಕು–ಒಂದರ ಬಹುಮತದಿಂದ ಹೇಳಿಬಿಟ್ಟಿತು. ಭಿನ್ನಮತ ಬರೆದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಹಕ್ಕು ಸರ್ಕಾರ ಕೊಟ್ಟ ಕೊಡುಗೆಯೋ, ಮನುಷ್ಯನಿಗೆ ಹುಟ್ಟಿನಿಂದಲೇ ಬಂದುದೋ ಎಂಬ ಲಾಕನ ಪ್ರಶ್ನೆಯೇ ಇದು.

ಉತ್ತರ ಬರಲು ನಲವತ್ತೊಂದು ವರ್ಷ ಬೇಕಾಯಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತರ ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದ್ದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. 1976ರ ತೀರ್ಪನ್ನೂ ತಳ್ಳಿಹಾಕಿದರು. 1976ರ ಬಹುಮತದಲ್ಲಿದ್ದ ವೈ.ವಿ. ಚಂದ್ರಚೂಡರ ಅಭಿಪ್ರಾಯವನ್ನು ತಪ್ಪೆಂದು ಬರೆದವರು ಅವರ ಮಗ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡರೇ. 2018ರಲ್ಲಿ ಆಧಾರ್ ಕಾಯ್ದೆಯನ್ನು ನ್ಯಾಯಾಲಯ ಬಹುಮಟ್ಟಿಗೆ ಎತ್ತಿಹಿಡಿದರೂ, ಖಾಸಗಿ ಕಂಪನಿಗಳು ಅದನ್ನು ಕಡ್ಡಾಯಗೊಳಿಸುವುದಕ್ಕೆ ಕಡಿವಾಣ ಹಾಕಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ನಿಧನರಾದರು.

ನಮ್ಮ ನಗರದ ಮಾತು

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಮನೆಬಾಗಿಲಿನ ವಿಷಯವನ್ನು ಮರೆಯುವಂತಿಲ್ಲ. 1983ರಲ್ಲಿ ಅಸ್ತಿತ್ವಕ್ಕೆ ಬಂದ ಕಲ್ಯಾಣ–ಡೊಂಬಿವಲಿ ಮಹಾನಗರಪಾಲಿಕೆಗೆ 2015ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2020ರ ನವೆಂಬರ್‌ನಲ್ಲಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ಕೊರೊನಾ ಸಾಂಕ್ರಾಮಿಕ, ಮೀಸಲಾತಿಯ ವ್ಯಾಜ್ಯ, ವಾರ್ಡುಗಳ ಮರುವಿಂಗಡಣೆ ಎಂದು ಐದು ವರ್ಷಗಳಿಗೂ ಮಿಗಿಲಾಗಿ ನಗರವನ್ನು ನಡೆಸಿದವರು ಆಡಳಿತಾಧಿಕಾರಿಗಳು. 74ನೆಯ ತಿದ್ದುಪಡಿಯು ನಗರಸಭೆಯ ಅವಧಿ ಐದೇ ವರ್ಷ, ಅದು ಮುಗಿಯುವುದರೊಳಗೆ ಚುನಾವಣೆ ನಡೆಯಬೇಕು ಎಂದು ವಿಧಿಸಿದ್ದರೂ ಹೀಗಾಯಿತು. ಅಧಿಕಾರಿಗಳು ದಕ್ಷರೋ ಅಲ್ಲವೋ ಎಂಬುದು ಇಲ್ಲಿ ಪ್ರಶ್ನೆಯಲ್ಲ. ನಾವು ತೆರಿಗೆ ಕಟ್ಟುತ್ತಿದ್ದೆವು, ನಮ್ಮ ಒಪ್ಪಿಗೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಲಾಕ್ ಓದದವರಿಗೂ ಇದು ತಪ್ಪೆಂದು ತೋರಬೇಕಿತ್ತು. ನಮ್ಮಲ್ಲಿ ಎಷ್ಟು ಮಂದಿ ಇದನ್ನು ಗಮನಿಸಿದ್ದೆವು ಎಂದು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಬೇಕು.

ಜ್ಞಾನೋದಯ ಯುಗದ ಚಿಂತಕರು ಕಲಿಸಿದ ಪಾಠ ಇಷ್ಟೇ: ಅಧಿಕಾರವು ಜನರ ಒಪ್ಪಿಗೆಯಿಂದ ಬರಬೇಕು, ತಡೆಗಳ ನಡುವೆ ನಡೆಯಬೇಕು, ಒಬ್ಬನೇ ಒಬ್ಬ ಮನುಷ್ಯನ ಘನತೆಯನ್ನೂ ತುಳಿಯಬಾರದು. ಈ ಪಾಠ ನಮ್ಮ ದೇಶದಲ್ಲಿ ಕಾನೂನಾಗಿ ನೆಲೆಗೊಳ್ಳಲು ಒಬ್ಬ ಮಠಾಧಿಪತಿ, ಒಬ್ಬ ಪದಚ್ಯುತ ಮುಖ್ಯಮಂತ್ರಿ, ಒಂದು ವಿದ್ಯಾಸಂಸ್ಥೆ, ಒಬ್ಬ ವಯೋವೃದ್ಧ ನ್ಯಾಯಮೂರ್ತಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಅವರಲ್ಲಿ ಹೆಚ್ಚಿನವರಿಗೆ ತಾವು ಕೇಳಿದ್ದು ಪೂರ್ತಿಯಾಗಿ ದಕ್ಕಲಿಲ್ಲ; ದಕ್ಕಿದ್ದು ನಮಗೆ. ಸಂವಿಧಾನದ ಕನ್ನಡ ಅನುವಾದ ಲಭ್ಯವಿದೆ. ನಮ್ಮ ಸಂಘಗಳ ವಾಚನಾಲಯಗಳಲ್ಲಿ ಅದರ ಪ್ರತಿಯೊಂದನ್ನು ಇರಿಸಿ, ರಾಜ್ಯೋತ್ಸವದ ಸಡಗರದ ನಡುವೆ ಮಕ್ಕಳೊಡನೆ 29 ಮತ್ತು 30ನೆಯ ವಿಧಿಗಳನ್ನಾದರೂ ಓದಿ ಚರ್ಚಿಸಿದರೆ, ಭುವನೇಶ್ವರಿಗೆ ಸಲ್ಲಿಸುವ ಪೂಜೆಯಲ್ಲಿ ಅದೂ ಒಂದಾದೀತು.